ಮೊದಲು ಬಾಯಿಗೆ, ಆಮೇಲೆ ಚೀಲಕ್ಕೆ

ಉಡುಪಿಗೆ ಬರುವ ಗುಂಪುಗಳನ್ನು ಕರೆದುಕೊಂಡು ಊರು ತೋರಿಸುವುದು ನನ್ನ ಕೆಲಸ. ಹೆಚ್ಚಿನವರು ಬೆಂಗಳೂರು, ಮೈಸೂರು, ಹಾಸನ, ಹುಬ್ಬಳ್ಳಿ ಕಡೆಯವರು. ಒಂದೇ ದಿನದಲ್ಲಿ ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಕೃಷ್ಣಮಠ, ರಥಬೀದಿ ಎಲ್ಲ ಆಗಬೇಕು. ದೋಣಿಯ ಸಮಯ, ಊಟದ ಹೋಟೆಲು, ಟೆಂಪೋ ಟ್ರಾವೆಲರ್ ನಿಲ್ಲಿಸುವ ಜಾಗ, ಇವೆಲ್ಲ ಬೇಗ ಕೈಗೆ ಹತ್ತುವ ಕೆಲಸಗಳು. ಅಂಗಡಿ ಸುತ್ತಿಸುವುದು ಮಾತ್ರ ಹಾಗಲ್ಲ. ಬಂದವರ ಮುಖ ನೋಡಿ ನೋಡಿಯೇ ಅದನ್ನು ಕಲಿಯಬೇಕು.

ನಾನು ಕಲಿತದ್ದು ಇಷ್ಟು: ಮೊದಲು ತಿನ್ನಿಸಬೇಕು, ಅಂಗಡಿ ಆಮೇಲೆ. ನಮ್ಮ ಕರಾವಳಿಯಿಂದ ಮನೆಗೆ ಒಯ್ಯಲು ಯೋಗ್ಯವಾದ ವಸ್ತುಗಳಲ್ಲಿ ಜಾಸ್ತಿ ತಿನ್ನುವಂಥವೇ. ಅವು ಇರುವುದು ಗೊಂಬೆ, ಕೀಚೈನು ಮಾರುವ ಅಂಗಡಿಯಲ್ಲಿ ಅಲ್ಲ, ದಿನಸಿ ಅಂಗಡಿಯಲ್ಲಿ. ರುಚಿ ಗೊತ್ತಿಲ್ಲದವರು ಅದೇ ಅಂಗಡಿಯ ಮುಂದೆ ನಡೆದು ಹೋದರೂ ಒಳಗೆ ಇಣುಕುವುದಿಲ್ಲ. ಗೊತ್ತಿದ್ದವರು ತಾವಾಗಿಯೇ ಮೆಟ್ಟಿಲು ಹತ್ತುತ್ತಾರೆ.

ದಿನ ಶುರುವಾಗುವುದು ದ್ವೀಪದಿಂದ. ಬಿಸಿಲು ಏರುವ ಮೊದಲೇ ಹೋಗಿ ಬಂದರೆ ಒಳ್ಳೆಯದು. ಅಲ್ಲಿ ನೆರಳು ಅಂದರೆ ತೆಂಗಿನ ಮರದ್ದು, ಅಷ್ಟೆ. ತುಳುವಿನಲ್ಲಿ ಇದಕ್ಕೆ ತೋನ್ಸೆಪಾರ್ ಅಂತ ಹೆಸರು. ಜನವಸತಿ ಇಲ್ಲ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದಿದ್ದ, ಸೇಂಟ್ ಮೇರಿಯ ಹೆಸರು ಇಟ್ಟವನೂ ಅವನೇ ಅಂತ ಹೇಳುತ್ತಾರೆ. ಹೆಚ್ಚಿನ ಗೈಡುಗಳು ಅಲ್ಲಿಗೇ ಮಾತು ಮುಗಿಸುತ್ತಾರೆ. ನನಗೆ ಅದಕ್ಕಿಂತ ಕಲ್ಲಿನ ಕತೆ ದೊಡ್ಡದು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಅಂದರೆ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ಅದು. ಆರುತ್ತಾ ಕುಗ್ಗಿ, ಬಿರುಕು ಬಿಟ್ಟು, ಕಂಬ ಕಂಬವಾಗಿ ನಿಂತಿದೆ. ಹೆಚ್ಚಿನ ಕಂಬಗಳಿಗೆ ಆರು ಮುಖ. ಐದು, ಏಳು ಮುಖದವೂ ಸಿಗುತ್ತವೆ. ಮಕ್ಕಳಿಗೆ ಒಂದೊಂದು ಕಂಬ ತೋರಿಸಿ ಮುಖ ಎಣಿಸಿ ಅಂದರೆ ಸಾಕು, ಮೊಬೈಲು ಮರೆತುಬಿಡುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ.

ದ್ವೀಪದಿಂದ ಏನನ್ನೂ ತರಬೇಡಿ ಅಂತ ನಾನು ದೋಣಿಯಲ್ಲೇ ಹೇಳಿಬಿಡುತ್ತೇನೆ. ಕಲ್ಲಿನ ಚೂರೂ ಬೇಡ, ಚಿಪ್ಪೂ ಬೇಡ. ಒಂದು ಬದಿಯ ತೀರದಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ, ಹಾಗಾಗಿ "ಒಂದು ತಗೊಂಡ್ರೆ ಏನಾಗುತ್ತೆ ಸರ್?" ಅಂತ ಕೇಳುವವರು ಇದ್ದೇ ಇರುತ್ತಾರೆ. ನಾನು ವಾದ ಮಾಡುವುದಿಲ್ಲ. ಸ್ವಲ್ಪ ಹೊತ್ತು ಕೂತು ನೋಡಿ ಅನ್ನುತ್ತೇನೆ. ಒಮ್ಮೆ ಒಬ್ಬ ಹುಡುಗ ಸುರುಳಿ ಸುರುಳಿಯಾದ ಒಂದು ಚಿಪ್ಪನ್ನು ಅಂಗೈಯಲ್ಲಿ ಇಟ್ಟುಕೊಂಡು ಅಜ್ಜಿಗೆ ತೋರಿಸುತ್ತಿದ್ದ. ಅದರ ಬಾಯಿಂದ ಮೊದಲು ಕೂದಲಿನಷ್ಟು ಸಣ್ಣ ಮೀಸೆ ಬಂತು, ಆಮೇಲೆ ಎರಡು ಕಾಲು, ಆಮೇಲೆ ಇಡೀ ಏಡಿ ಎದ್ದು ಅವನ ಬೆರಳ ಸಂದಿಯಲ್ಲಿ ನಡೆಯತೊಡಗಿತು. ಹುಡುಗ ಉಸಿರು ಬಿಗಿ ಹಿಡಿದಿದ್ದ. ಅಜ್ಜಿ, "ಅದರ ಮನೆ ಕಣೋ, ಬಿಟ್ಟುಬಿಡು" ಅಂದರು. ಆ ಜಾತಿಯ ಏಡಿಗೆ ತನ್ನದೇ ಚಿಪ್ಪು ಇರುವುದಿಲ್ಲ. ಸತ್ತ ಶಂಖದ ಹುಳುವಿನ ಚಿಪ್ಪನ್ನು ಹುಡುಕಿ ಒಳಗೆ ಸೇರಿಕೊಳ್ಳುತ್ತದೆ, ಬೆಳೆದ ಹಾಗೆ ದೊಡ್ಡದಕ್ಕೆ ಬದಲಾಯಿಸುತ್ತದೆ. ನಾವು ಖಾಲಿ ಅಂದುಕೊಂಡು ಜೇಬಿಗೆ ಹಾಕುವ ಚಿಪ್ಪು ಅದಕ್ಕೆ ನಾಳೆಯ ಮನೆ.

ಹಾಗಾದರೆ ಬೀಚಿನ ಅಂಗಡಿಗಳಲ್ಲಿ ಮಾರುವ ಚಿಪ್ಪಿನ ಸರ, ಶಂಖ, ಚಿಪ್ಪಿನ ಕನ್ನಡಿ? ಈ ಪ್ರಶ್ನೆಯೂ ತಪ್ಪದೆ ಬರುತ್ತದೆ. ಅವುಗಳಲ್ಲಿ ಬಹಳಷ್ಟು ನಮ್ಮ ಊರಿನವು ಅಲ್ಲ, ರಾಮೇಶ್ವರ, ಕನ್ಯಾಕುಮಾರಿ ಕಡೆಯಿಂದ ಬರುವಂಥವು. ಮಾರುವವರನ್ನೇ ಕೇಳಿದರೂ ಹೇಳುತ್ತಾರೆ, ಮುಚ್ಚಿಡುವುದಿಲ್ಲ. ಇಷ್ಟವಾದರೆ ತಗೊಳ್ಳಿ, ಆದರೆ ಮಲ್ಪೆಯದ್ದು ಅಂತ ತಗೊಳ್ಳಬೇಡಿ ಅನ್ನುತ್ತೇನೆ. ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಬೇಡ ಅನ್ನುತ್ತೇನೆ. ಹವಳ, ಸಮುದ್ರ ಕುದುರೆ, ಕೆಲವು ಜಾತಿಯ ಶಂಖ ಮತ್ತು ಚಿಪ್ಪುಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಿದ್ದಾರೆ. ಯಾವ ಊರಿನ ಅಂಗಡಿಯಲ್ಲೇ ಸಿಗಲಿ, ಕೊಂಡವರಿಗೂ ಕಾನೂನಿನ ತೊಂದರೆ ಉಂಟು. ನನ್ನ ಜೊತೆ ಬಂದವರು ಅಂಥ ತೊಂದರೆಗೆ ಸಿಕ್ಕಬಾರದು.

ದ್ವೀಪದಿಂದ ವಾಪಸು ಬರುವಾಗ ಎಲ್ಲರಿಗೂ ಹಸಿವು. ಉಪ್ಪು ಗಾಳಿಗೆ ಹಸಿವು ಎರಡು ಪಟ್ಟು. ಕೆಲವು ಟ್ರಿಪ್‌ಗಳಲ್ಲಿ ಈ ಹೊತ್ತಿಗೆ ಅಂಗಡಿ ಮುಂದೆ ಗಾಡಿ ನಿಲ್ಲಿಸುತ್ತಾರೆ, ಊಟ ತಡ ಮಾಡುತ್ತಾರೆ. ಹಸಿದ ಜನ ಸಿಕ್ಕಿದ್ದನ್ನು ಎತ್ತಿಕೊಂಡು ದುಡ್ಡು ಕೊಟ್ಟು ಹೊರಡುತ್ತಾರೆ. ಅಂಗಡಿಗೆ ವ್ಯಾಪಾರ ಆಯಿತು, ನಿಜ. ಆದರೆ ಮನೆಗೆ ಹೋಗಿ ಚೀಲ ಬಿಚ್ಚಿದಾಗ ಅದರಲ್ಲಿ ಉಡುಪಿ ಇರುವುದಿಲ್ಲ.

ನಾನು ಸೀದಾ ತಿನ್ನಲು ಕರೆದೊಯ್ಯುತ್ತೇನೆ. ಸಸ್ಯಾಹಾರಿಗಳಾದರೆ ರಥಬೀದಿಯ ಮಿತ್ರ ಸಮಾಜದ ಕಡೆ. ಗೋಳಿಬಜೆ ಬಿಸಿಯಾಗಿದ್ದಾಗಲೇ ತಿನ್ನಬೇಕು, ಹೊರಗೆ ಗರಿ, ಒಳಗೆ ಹುಳಿ ಮೊಸರಿನ ಮೆದು. ಬನ್ಸ್ ಅಂದರೆ ಬೇಕರಿಯ ಬನ್ನು ಅಂದುಕೊಂಡು ಬರುವವರೇ ಜಾಸ್ತಿ. ಕಳಿತ ಬಾಳೆಹಣ್ಣು ಕಲಸಿ ಕರಿದ ಪೂರಿಯಂಥದ್ದು ತಟ್ಟೆಗೆ ಬಂದಾಗ ಅವರ ಮುಖ ನೋಡಬೇಕು. ಮೂಡೆ ಸಿಕ್ಕಿದರೆ ಎಲೆ ಬಿಡಿಸುವ ಕೆಲಸವನ್ನು ಅವರಿಗೇ ಬಿಡುತ್ತೇನೆ. ಮುಂಡೇವಿನ ಎಲೆಯ ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ, ಸುರುಳಿ ಸುತ್ತಿ ಮಾಡಿದ ಕೊಳವೆಯಲ್ಲಿ ಬೆಂದ ಇಡ್ಲಿ ಹಿಟ್ಟು ಅದು. ಬಿಡಿಸುವಾಗ ಮೂಗಿಗೆ ಬರುವ ಪರಿಮಳ ಇದೆಯಲ್ಲ, ಅದರ ಬಗ್ಗೆ ನಾನು ಎಷ್ಟು ಮಾತಾಡಿದರೂ ಪ್ರಯೋಜನ ಇಲ್ಲ. ಕುಡಿಯಲು ಪುನರ್ಪುಳಿ, ಅಂದರೆ ಕೋಕಂ ಹಣ್ಣಿನ ಶರಬತ್ತು. ಮಧ್ಯಾಹ್ನದ ಊಟದಲ್ಲಿ ಹಲಸಿನ ಹಪ್ಪಳ ಇರುವಂತೆ ಹೋಟೆಲಿನವರಿಗೆ ಮೊದಲೇ ಹೇಳಿಟ್ಟಿರುತ್ತೇನೆ.

ಮೀನು ತಿನ್ನುವವರಿಗೆ ಇನ್ನೂ ಸುಲಭ. ಕಾಣೆ ರವಾ ಫ್ರೈ, ಅಂಜಲ್ ತವಾ ಫ್ರೈ, ಬಂಗುಡೆ ಪುಳಿಮುಂಚಿ, ಜೊತೆಗೆ ಕುಚ್ಚಲಕ್ಕಿ ಅನ್ನ. ಜೂನ್, ಜುಲೈನಲ್ಲಿ ಬಂದವರಿಗೆ ಒಂದು ಮಾತು ಮುಂಚೆಯೇ ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮರಿ ಮಾಡುವ ಕಾಲ. ಆಗ ತಾಜಾ ಮೀನು ಕಮ್ಮಿ, ರೇಟೂ ಜಾಸ್ತಿ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಯೂ ಇಲ್ಲ. ಆದರೆ ಪತ್ರೊಡೆ ತಿನ್ನಲು ಅದೇ ಸರಿಯಾದ ಕಾಲ, ಕೆಸುವಿನ ಎಲೆ ಆಗಲೇ ಎಳೆಯದಾಗಿ ಸಿಗುವುದು.

ಈಗ ಅಂಗಡಿ. ಹಾಸನದ ಕಡೆಯ ಒಂದು ಕುಟುಂಬ ಮಧ್ಯಾಹ್ನ ಕೋರಿ ರೊಟ್ಟಿ, ಅಂದರೆ ಕೋಳಿ ಸಾರಿನ ಜೊತೆ ಗರಿಗರಿ ರೊಟ್ಟಿ, ತಿಂದಿತ್ತು. ಆ ಮನೆಯ ಮೇಡಂ ಕೈತೊಳೆಯುವಾಗಲೇ ಕೇಳಿದರು, "ಈ ರೊಟ್ಟಿ ಮನೇಲಿ ಮಾಡೋಕಾಗುತ್ತಾ?" ಹಾಳೆಯಷ್ಟು ತೆಳ್ಳಗಿನ ಆ ಅಕ್ಕಿ ರೊಟ್ಟಿಯನ್ನು ಇಲ್ಲಿನ ಮನೆಗಳಲ್ಲೂ ಈಗ ಮಾಡುವುದು ಅಪರೂಪ. ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ವಾರಗಟ್ಟಲೆ ಕೆಡುವುದಿಲ್ಲ. ದಿನಸಿ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವರು ಎರಡು ಪ್ಯಾಕೆಟ್ ಇಟ್ಟು, "ಅಕ್ಕ, ಮೆಲ್ಲ ಹಿಡ್ಕೊಳ್ಳಿ. ಬ್ಯಾಗಿನ ಅಡಿಯಲ್ಲಿ ಹಾಕ್ಬೇಡಿ, ಪುಡಿ ಆಗ್ತದೆ" ಅಂದರು.

"ಸಾರಿಗೆ ಪುಡಿ ಸಿಗುತ್ತಾ?"

"ಕುಂದಾಪುರ ಮಸಾಲೆ ಉಂಟಲ್ಲ. ತೆಂಗಿನಕಾಯಿ ಮಾತ್ರ ಕಮ್ಮಿ ಮಾಡ್ಬೇಡಿ. ಕಮ್ಮಿ ಮಾಡಿದ್ರೆ ಆಮೇಲೆ ನಮ್ಮ ಪುಡಿ ಸರಿ ಇಲ್ಲ ಅಂತೀರಿ."

ಮಾತು ಅಲ್ಲಿಂದ ಬೆಳೆಯಿತು. ಮೇಡಂ ತಟ್ಟೆಯಲ್ಲಿ ಏನೇನು ಇತ್ತೋ ಅದನ್ನೆಲ್ಲ ಕೇಳುತ್ತಾ ಹೋದರು. ಪುನರ್ಪುಳಿಯ ಒಣ ಸಿಪ್ಪೆ, ಹಲಸಿನ ಹಪ್ಪಳ, ಮಾವಿನ ಹಣ್ಣಿನ ರಸ ಒಣಗಿಸಿ ಮಾಡುವ ಮಾಂಬಳ, ಕುಚ್ಚಲಕ್ಕಿ, ಓಲೆಯಲ್ಲಿ ಸುತ್ತಿದ ಬೆಲ್ಲ. ಪುನರ್ಪುಳಿ ಸಿರಪ್ಪಿಗಿಂತ ಒಣ ಸಿಪ್ಪೆ ಒಳ್ಳೆಯದು, ಸಾರಿಗೂ ಆಗುತ್ತದೆ, ಶರಬತ್ತಿಗೂ ಆಗುತ್ತದೆ ಅಂತ ಅಂಗಡಿಯವರೇ ಹೇಳಿದರು. ದುಬಾರಿ ಬಾಟಲಿ ಬಿಟ್ಟು ಕಡಿಮೆ ಬೆಲೆಯದ್ದನ್ನು ತೋರಿಸಿದರು ಅಂದರೆ ನೋಡಿ. ಅಷ್ಟರಲ್ಲಿ ಆ ಮನೆಯ ಯಜಮಾನರು ಶಾವಿಗೆ ಒತ್ತುವ ಮಣೆ ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅದನ್ನೂ ಕಟ್ಟಿಸಿದರು. ಬೆಳಿಗ್ಗೆ ಇದೇ ಅಂಗಡಿಗೆ ಕರೆದುಕೊಂಡು ಬಂದಿದ್ದರೆ ನೀರಿನ ಬಾಟಲಿ ತಗೊಂಡು ಹೊರಗೆ ಬರುತ್ತಿದ್ದರು, ಅಷ್ಟೆ.

ಹಾಗಂತ ತಿನ್ನುವುದನ್ನು ಬಿಟ್ಟು ಬೇರೆ ಏನೂ ಇಲ್ಲ ಅಂತಲ್ಲ. ರಥಬೀದಿಯಲ್ಲಿ ದೀಪ, ಆರತಿ ತಟ್ಟೆ, ತುಳಸಿ ಮಣಿ, ಯಕ್ಷಗಾನದ ಸಣ್ಣ ಮುಖಗಳು ಸಾಲು ಸಾಲು ಇರುತ್ತವೆ. ನಾನು ಅಲ್ಲಿ ಮೊದಲು ತೋರಿಸುವುದು ಗೋಪಿಚಂದನದ ಉಂಡೆ. ಅದು ಇಲ್ಲಿಯ ಮಣ್ಣಲ್ಲ, ದ್ವಾರಕೆ ಕಡೆಯದ್ದು. ಆದರೆ ಈ ಊರಿನ ಕತೆ ಶುರುವಾಗುವುದೇ ಅದರಿಂದ. 13ನೇ ಶತಮಾನದಲ್ಲಿ ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿದ ಹಡಗನ್ನು ಮಧ್ವಾಚಾರ್ಯರು ದಡ ಸೇರಿಸಿದರು, ಕಾಣಿಕೆಯಾಗಿ ಅವರು ಕೇಳಿ ಪಡೆದ ಗೋಪಿಚಂದನದ ಗಡ್ಡೆಯೊಳಗೆ ಕೃಷ್ಣನ ವಿಗ್ರಹ ಇತ್ತು ಅಂತ ನಂಬಿಕೆ. ಬೆಳಿಗ್ಗೆ ಅದೇ ಮಲ್ಪೆಯ ನೀರಿನ ಮೇಲೆ ದೋಣಿಯಲ್ಲಿ ಹೋಗಿ ಬಂದವರಿಗೆ ಆ ಉಂಡೆ ಕೈಗೆ ಕೊಟ್ಟು ಈ ಕತೆ ಹೇಳಿದರೆ, ಬೇರೆ ವಿವರಣೆ ಬೇಕಾಗುವುದಿಲ್ಲ. ಆದ್ದರಿಂದ "ಇದು ಲೋಕಲ್ಲಾ?" ಅನ್ನುವ ಪ್ರಶ್ನೆಗೆ ನಾನು ಬರೀ ಹೌದು, ಅಲ್ಲ ಅಂತ ಉತ್ತರ ಕೊಡುವುದಿಲ್ಲ. ಎಲ್ಲಿಂದ ಬಂತು, ಇಲ್ಲಿ ಯಾಕೆ ಇದೆ, ಎರಡನ್ನೂ ಹೇಳುತ್ತೇನೆ.

ಸೀರೆ ಕೇಳುವವರಿಗೆ ಉಡುಪಿ ಸೀರೆ ಇದೆ. ಕೈಮಗ್ಗದ ಹಗುರ ಹತ್ತಿ ಸೀರೆ, 2016ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ. ನೇಯುವವರು ತೀರಾ ಕಡಿಮೆಯಾಗಿದ್ದರು, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಂಥ ಕಡೆ ಈಗ ಮತ್ತೆ ಮಗ್ಗದ ಸದ್ದು ಕೇಳುತ್ತಿದೆ. ದಿನ ಇಡೀ ಉಟ್ಟರೂ ಸೆಕೆ ಆಗುವುದಿಲ್ಲ ಅಂತ ನನ್ನ ಅಮ್ಮ ಇಂದಿಗೂ ಅದನ್ನೇ ಉಡುತ್ತಾರೆ. ಸೀರೆ ಬೇಕು ಅಂದವರಿಗೆ ಬೇರೆ ಏನನ್ನೂ ತೋರಿಸಲು ನನಗೆ ಮನಸ್ಸೇ ಬರುವುದಿಲ್ಲ.

ಮಲ್ಲಿಗೆಯದ್ದು ಬೇರೆಯೇ ಲೆಕ್ಕ. ಶಂಕರಪುರದ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುವುದಿಲ್ಲ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆ ನಾರಿನಲ್ಲಿ ಕಟ್ಟಿರುತ್ತಾರೆ. ರೇಟು ದಿನದಿನಕ್ಕೆ ಬದಲಾಗುತ್ತದೆ, ಮದುವೆ ಸೀಸನ್ನಿನಲ್ಲಿ ಕೇಳುವ ಹಾಗೇ ಇಲ್ಲ. ರಾತ್ರಿ ಬಸ್ಸಿಗೆ ಹೋಗುವವರಿಗೆ ಕೊನೆಯಲ್ಲಿ ಇದನ್ನು ಕೊಡಿಸುತ್ತೇನೆ, ಬಾಳೆ ಎಲೆಯಲ್ಲಿ ಸುತ್ತಿ. ಮಟ್ಟುಗುಳ್ಳವೂ ಹಾಗೆಯೇ, ಸಿಗುವ ಕಾಲದಲ್ಲಿ ಬಂದವರ ಪುಣ್ಯ. ಮಟ್ಟು ಊರಿನ ಈ ದುಂಡು ಬದನೆಯ ಬೀಜ ಕೊಟ್ಟವರು ಸೋದೆ ಮಠದ ಯತಿ ವಾದಿರಾಜ ಗುರುಗಳು ಅಂತ ಹೇಳುತ್ತಾರೆ, 2011ರಲ್ಲಿ ಇದಕ್ಕೂ ಜಿಐ ಟ್ಯಾಗ್ ಬಂದಿದೆ. ಬದನೆಕಾಯಿ ಯಾರಾದರೂ ಟ್ರಿಪ್ಪಿನಿಂದ ಒಯ್ಯುತ್ತಾರಾ ಅಂತ ಕೇಳಬೇಡಿ. ಮಧ್ಯಾಹ್ನ ಅದರ ಹುಳಿ ಉಂಡವರು ಕಿಲೋಗಟ್ಟಲೆ ಒಯ್ಯುತ್ತಾರೆ.

ನಮ್ಮ ಕೆಲಸದಲ್ಲಿ ಕಮಿಷನ್ ಅಂತ ಒಂದಿದೆ. ಗುಂಪು ತಂದ ಗೈಡಿಗೆ ಅಂಗಡಿಯವರು ಇಷ್ಟು ಅಂತ ಕೊಡುವುದು. ನಾನು ಅದನ್ನು ಮುಟ್ಟುವುದಿಲ್ಲ. ನನ್ನ ಸಂಬಳ ಕೊಡುವವರು ಬಂದ ಜನ. ಯಾವ ಅಂಗಡಿಯ ಹಪ್ಪಳ ಚೆನ್ನಾಗಿದೆ ಅಂತ ಅವರು ಕೇಳಿದಾಗ ನನ್ನ ನಾಲಿಗೆ ಹೇಳಬೇಕೇ ಹೊರತು ನನ್ನ ಜೇಬಲ್ಲ. ಹೊಸದಾಗಿ ಸೇರುವ ಹುಡುಗರಿಗೂ ಇದನ್ನೇ ಹೇಳುತ್ತೇನೆ. ಮೊದಲು ನೀವು ತಿನ್ನಿ. ನಾಲ್ಕು ಅಂಗಡಿಯ ಹಪ್ಪಳ ತಂದು ಮನೆಯಲ್ಲಿ ಕರಿದು ನೋಡಿ. ಮಸಾಲೆ ಪುಡಿ ಯಾವಾಗ ಹುರಿದದ್ದು ಅಂತ ಅಂಗಡಿಯವರನ್ನು ಕೇಳಿ. ಆಮೇಲೆ ಬೇರೆಯವರಿಗೆ ಹೇಳಿ.

ಒಂದು ಆಸೆ ಇದೆ. ನಮ್ಮ ಹಳ್ಳಿಗಳಲ್ಲಿ ಸ್ವಸಹಾಯ ಸಂಘದ ಹೆಂಗಸರು ಎಷ್ಟೊಂದು ಹಪ್ಪಳ, ಉಪ್ಪಿನಕಾಯಿ, ಮಾಂಬಳ ಮಾಡುತ್ತಾರೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಅಂಗಳ ತುಂಬಾ ಚಾಪೆ ಹಾಸಿ ಹಪ್ಪಳ ಒಣಗಿಸುವುದನ್ನು ಒಳರಸ್ತೆಯಲ್ಲಿ ಹೋದರೆ ನೋಡಬಹುದು. ಮಲ್ಪೆಯಲ್ಲಿ ದೋಣಿ ಇಳಿದ ಕಡೆ ಇವರದ್ದೇ ಒಂದು ಸಣ್ಣ ಅಂಗಡಿ ಬೇಕು. ಪಕ್ಕದಲ್ಲಿ ಒಂದು ಒಲೆ, ಒಂದು ಬಾಣಲೆ. ಬಂದವರಿಗೆ ಒಂದೊಂದು ಹಪ್ಪಳ ಕರಿದು ಕೈಗೆ ಕೊಡುವುದು, ಮಾಡಿದವರ ಊರಿನ ಹೆಸರು ಪ್ಯಾಕೆಟ್ಟಿನ ಮೇಲೆ ಬರೆದಿರುವುದು. ನನಗೆ ಗೊತ್ತಿರುವ ಎರಡು ಸಂಘದವರ ಹತ್ತಿರ ಮಾತಾಡಿದ್ದೇನೆ, ಮಳೆ ಮುಗಿದು ದೋಣಿ ಶುರುವಾಗುವ ಹೊತ್ತಿಗೆ ಸರಕು ಕೊಡಲು ತಯಾರಿದ್ದಾರೆ. ಜಾಗದ ವಿಷಯ ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಒಟ್ಟಿಗೆ ಹೋಗಿ ಕೇಳೋಣ.