112 ಇದ್ದದ್ದು 56 ಆದ ತಿಂಗಳು

ಅಮೆರಿಕದ ಒಹಾಯೋದಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ಊರಿನವರು ಕೇಳಿದರೆ ‘ಮೆಡಿಕಲ್ ಶಾಪಲ್ಲಿ ಕೆಲಸ’ ಎನ್ನುತ್ತೇನೆ, ಅದೂ ಸುಳ್ಳಲ್ಲ. ಆಕ್ಸಿಕೋಡೋನ್ ಎಂಬ ಒಪಿಯಾಯ್ಡ್ (ಅಫೀಮಿನ ಜಾತಿಯ) ನೋವಿನ ಮಾತ್ರೆಗಳನ್ನು ಬೀಗದ ಕಪಾಟಿನಿಂದ ತೆಗೆದು, ತಟ್ಟೆಗೆ ಸುರಿದು, ಐದೈದಾಗಿ ಸರಿಸುತ್ತಾ ಎರಡೆರಡು ಸಲ ಎಣಿಸುತ್ತೇನೆ. 2018ರಲ್ಲಿ ಹಾಗೆ ಎಣಿಸುತ್ತಲೇ ಒಂದು ತಪ್ಪು ಮಾಡಿದೆ.

ನಮ್ಮಲ್ಲಿಗೆ ಬರುತ್ತಿದ್ದ ಒಬ್ಬರು ಮನೆಗಳ ಚಾವಣಿ ಹಾಕುವ ಕೆಲಸದಲ್ಲಿ ಬಿದ್ದು, ಬೆನ್ನಿಗೆ ಎರಡು ಆಪರೇಷನ್ ಆದವರು. ಒಂಬತ್ತು ವರ್ಷದಿಂದ 20 ಮಿಲಿಗ್ರಾಂ ಮಾತ್ರೆ, ದಿನಕ್ಕೆ ನಾಲ್ಕು. 28 ದಿನಕ್ಕೆ 112. ಈ ಜಾತಿಯ ಮಾತ್ರೆಗಳನ್ನೆಲ್ಲ ಮಾರ್ಫಿನ್ ಲೆಕ್ಕಕ್ಕೆ ತಂದು ಅಳೆಯುತ್ತಾರೆ. ಆಕ್ಸಿಕೋಡೋನ್‌ಗೆ ಒಂದೂವರೆ ಪಟ್ಟು, ಅಂದರೆ ಅವರ ದಿನದ 80 ಮಿಲಿಗ್ರಾಂ ಆ ಲೆಕ್ಕದಲ್ಲಿ 120. 90 ದಾಟುವುದನ್ನು ಆದಷ್ಟು ತಪ್ಪಿಸಿ ಎಂದು 2016ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಡಾಕ್ಟರುಗಳಿಗೆ ಸಲಹೆ ಕೊಟ್ಟಿತ್ತು. ಬರೀ ಸಲಹೆ. ಆದರೆ ಎಷ್ಟೋ ಕಡೆ ಅದು ಕಾನೂನಿನ ಹಾಗೇ ನಡೆಯಿತು. ನಮ್ಮ ಕಂಪ್ಯೂಟರಲ್ಲೂ 90ರ ಮೇಲೆ ಹೋದರೆ ಕೆಂಪು ಪಟ್ಟಿ.

ಆ ಭಯ ಸುಮ್ನೆ ಹುಟ್ಟಿದ್ದಲ್ಲ. 1996ರಲ್ಲಿ ಇದೇ ಔಷಧಿ ಆಕ್ಸಿಕಾಂಟಿನ್ ಎಂಬ ಹೆಸರಿನ ಮಾತ್ರೆಯಾಗಿ ಬಂದಾಗ ಚಟ ಹತ್ತುವ ಅಪಾಯ ಕಡಿಮೆ ಎಂದು ಹೇಳಿ ಮಾರಿದರು. ಅದು ಸುಳ್ಳು ಪ್ರಚಾರ ಎಂದು ಅದನ್ನು ಮಾರಿದ ಪರ್ಡ್ಯೂ ಕಂಪನಿ ಕಡೆಯವರೇ 2007ರಲ್ಲಿ ಕೋರ್ಟಲ್ಲಿ ಒಪ್ಪಿಕೊಂಡರು. ಒಹಾಯೋ ಅಂತೂ ತುಂಬಾ ಪೆಟ್ಟು ತಿಂದ ರಾಜ್ಯ.

ಆ ಬೇಸಿಗೆಯಲ್ಲಿ ಆ ಬೆನ್ನುನೋವಿನವರ ಹಳೆ ಡಾಕ್ಟರ್ ರಿಟೈರ್ ಆದರು. ಹೊಸಬರು ಬರೆದದ್ದು 56. ಒಂದೇ ಏಟಿಗೆ ಅರ್ಧ. ಕೆಂಪು ಪಟ್ಟಿ ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು. 112 ನೋಡಿ ಎಷ್ಟೋ ಸಲ ಡಾಕ್ಟರಿಗೆ ಫೋನ್ ಮಾಡಿ ವಿಚಾರಿಸಿದವನು, 56 ನೋಡಿ ಫೋನ್ ಮುಟ್ಟಲೇ ಇಲ್ಲ.

ಹದಿನೇಳನೇ ದಿನ ಅವರು ಬಂದರು. ಜುಲೈ ಸೆಕೆಯಲ್ಲಿ ಮೈಮೇಲೆ ಸ್ವೆಟರ್. ಮಾತ್ರೆ ಖಾಲಿ. ‘ಇನ್ನೂ ಹನ್ನೊಂದು ದಿನ ಇದೆಯಲ್ಲ ಸರ್’ ಅಂದೆ. ಹೇಳಿದ್ದಕ್ಕಿಂತ ಜಾಸ್ತಿ ನುಂಗಿದ್ದಾರೆ, ಬೇಗ ಬಂದಿದ್ದಾರೆ. ಚಟದ ಗುರುತು ಎಂದು ನಮಗೆ ಹೇಳಿಕೊಟ್ಟದ್ದೇ ಇದನ್ನು. ಅವರು ಜಗಳ ಆಡಲಿಲ್ಲ. ಒಂದೇ ಸಮ ಆಕಳಿಸುತ್ತಿದ್ದರು. ಮೂಗು ಸೋರುತ್ತಿತ್ತು. ಕೌಂಟರಿನ ಮೇಲಿಟ್ಟ ಕೈಯಿಂದ ಸ್ವೆಟರಿನ ತೋಳು ಮೇಲೆ ಸರಿದಿತ್ತು, ಚರ್ಮ ಪುಕ್ಕ ಕಿತ್ತ ಕೋಳಿಯ ಹಾಗೆ ಗುಳ್ಳೆ ಗುಳ್ಳೆ. ಹಳೆ ಲೆಕ್ಕದಲ್ಲೇ ನುಂಗಿದ್ದಾರೆ, ಹದಿನಾಲ್ಕು ದಿನಕ್ಕೆ ಮುಗಿದಿದೆ, ಮೂರು ದಿನ ಏನೂ ಇಲ್ಲ. ಈ ಮಾತ್ರೆ ಥಟ್ಟನೆ ತಪ್ಪಿದಾಗ ಕಾಣುತ್ತವೆ ಎಂದು ಓದುವಾಗ ಬಾಯಿಪಾಠ ಮಾಡಿದ ಲಕ್ಷಣಗಳು ಎದುರಿಗೇ ನಿಂತಿದ್ದವು, ನಾನು ತಾರೀಖು ಎಣಿಸುತ್ತಿದ್ದೆ.

ಆಗ ಫೋನ್ ಮಾಡಿದೆ. ಹೊಸ ಡಾಕ್ಟರ್ ಕೆಟ್ಟವರೇನಲ್ಲ, ಅವರಿಗೂ 90ರದ್ದೇ ಭಯ. ಹಳೆ ಪ್ರಮಾಣಕ್ಕಿಂತ ಸ್ವಲ್ಪ ಕೆಳಗಿನಿಂದ ಶುರು ಮಾಡಿ ತಿಂಗಳಿಗೆ ಹತ್ತು ಪರ್ಸೆಂಟಿನಂತೆ ಇಳಿಸಲು ಒಪ್ಪಿದರು. ಜೊತೆಗೆ, ಮಾತ್ರೆ ಪ್ರಮಾಣ ಮೀರಿದರೆ ಜೀವ ಉಳಿಸಲೆಂದು, ಮನೆಯಲ್ಲಿಟ್ಟುಕೊಳ್ಳಲು ನ್ಯಾಲೊಕ್ಸೋನ್ ಸ್ಪ್ರೇ.

ಈ ಮಾತ್ರೆ ಕೊಡಬೇಕೋ ಬೇಡವೋ ಎಂಬ ಜಗಳದಲ್ಲಿ ನಾವು ಎರಡು ಪ್ರಶ್ನೆಗಳನ್ನು ಕಲಸಿಬಿಡುತ್ತೇವೆ: ಹೊಸದಾಗಿ ಶುರು ಮಾಡುವುದು ಒಂದು, ಈಗಾಗಲೇ ತಗೊಳ್ಳುತ್ತಿರುವವರಿಗೆ ಕಡಿಮೆ ಮಾಡುವುದು ಇನ್ನೊಂದು. ಬೆನ್ನುನೋವಿಗೆ ಹೊಸದಾಗಿ ಶುರು ಮಾಡಬೇಕಾ? ಬೇಡ ಎನ್ನುವ ಕಡೆಯವನೇ ನಾನು. 2018ರಲ್ಲೇ ಬಂದ ಸ್ಪೇಸ್ ಅಧ್ಯಯನದಲ್ಲಿ ಬೆನ್ನು, ಮಂಡಿ, ಸೊಂಟ ನೋವಿನ 240 ಜನರನ್ನು ಒಂದು ವರ್ಷ ನೋಡಿದರು. ಓಡಾಟ, ಕೆಲಸದ ವಿಷಯದಲ್ಲಿ ಒಪಿಯಾಯ್ಡ್‌ಗಳು ಬೇರೆ ಮಾತ್ರೆಗಳಿಗಿಂತ ಮೇಲಾಗಲಿಲ್ಲ. ಆದರೆ ಮೊದಲೇ ಇವನ್ನು ದೀರ್ಘಕಾಲ ತಗೊಳ್ಳುತ್ತಿದ್ದವರನ್ನು ಅದರಲ್ಲಿ ಸೇರಿಸಿಕೊಂಡೇ ಇರಲಿಲ್ಲ. ಒಂಬತ್ತು ವರ್ಷ ನುಂಗಿದವರ ಮುಂದೆ ಆ ಕಾಗದ ಹಿಡಿದರೆ ಏನು ಬಂತು?

ಥಟ್ಟನೆ ನಿಲ್ಲಿಸಬೇಡಿ ಎಂದು 2019ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತು. 2022ರ ಸಿಡಿಸಿ ಶಿಫಾರಸುಗಳಿಂದ 90ರ ಗೆರೆಯೇ ಹೋಯಿತು. ನಮ್ಮ ಕೆಂಪು ಪಟ್ಟಿ ಮಾತ್ರ ಇನ್ನೂ ಇದೆ.

ಈಗ ಸಂಖ್ಯೆ ಏರಿದರೂ ಫೋನ್ ಮಾಡುತ್ತೇನೆ, ಇಳಿದರೂ ಮಾಡುತ್ತೇನೆ. ಕ್ಲಿನಿಕ್ಕಿನ ರಿಸೆಪ್ಷನಿಸ್ಟ್‌ಗೆ ನನ್ನ ದನಿ ಕೇಳಿದರೇ ಸುಸ್ತು. ಆ ಬೆನ್ನುನೋವಿನವರು ದಿನಕ್ಕೆ 80ರಿಂದ 55 ಮಿಲಿಗ್ರಾಂಗೆ ಬಂದು ನಿಂತಿದ್ದಾರೆ. ಅಲ್ಲಿಂದ ಕೆಳಗೆ ಎರಡು ಸಲ ಪ್ರಯತ್ನಪಟ್ಟರು, ಆಗಲಿಲ್ಲ.