ಲ್ಯಾಂಡಿಡ್ನೊ ಕಡಲದಂಡೆ ಮತ್ತು ಹಿರಿಯರ ರಜೆ

ಬ್ರಿಟನ್ನಿನ ಕಡಲತೀರದ ಊರುಗಳಿಗೆ ವರ್ಷದಲ್ಲಿ ಎರಡು ಬಗೆಯ ಜನ ಬರುತ್ತಾರೆ. ಜುಲೈ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೆ ಇಂಗ್ಲೆಂಡ್, ವೇಲ್ಸಿನ ಶಾಲೆಗಳಿಗೆ ರಜೆಯಿರುವುದರಿಂದ ಮಕ್ಕಳೊಂದಿಗರ ಗದ್ದಲ, ಅದಕ್ಕೆ ತಕ್ಕಂತೆ ಏರಿದ ಹೋಟೆಲ್ ದರ. ಅದರ ಹಿಂದುಮುಂದಿನ ತಿಂಗಳುಗಳಲ್ಲಿ ನಿವೃತ್ತರು. ನಾನಿರುವ ಮ್ಯಾಂಚೆಸ್ಟರಿನಿಂದ ರೈಲಿನಲ್ಲಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ದೂರದಲ್ಲಿರುವ ಉತ್ತರ ವೇಲ್ಸಿನ ಲ್ಯಾಂಡಿಡ್ನೊ ಈ ಎರಡನೆಯ ಗುಂಪಿನವರ ಅಚ್ಚುಮೆಚ್ಚಿನ ಊರು. ಅಲ್ಲಿಗೆ ಹೋದಾಗಲೆಲ್ಲ ನಾನು ಗಮನಿಸಿರುವುದೆಂದರೆ, ವಯಸ್ಸಾದವರನ್ನು ಅಲ್ಲಿಗೆ ಮತ್ತೆ ಮತ್ತೆ ಕರೆತರುವುದು ಕಡಲಿನ ಸೊಬಗೊಂದೇ ಅಲ್ಲ. ಎಲ್ಲಿ ಕೂರುವುದು, ಶೌಚಾಲಯ ಎಷ್ಟು ದೂರ, ಸೂಟ್‌ಕೇಸ್ ಎತ್ತುವವರು ಯಾರು ಎಂಬ ಸಣ್ಣ ಸಣ್ಣ ಚಿಂತೆಗಳಿಗೆ ಅಲ್ಲಿ ಮೊದಲೇ ಉತ್ತರ ಸಿದ್ಧವಿರುತ್ತದೆ.

ಗ್ರೇಟ್ ಆರ್ಮ್ ಮತ್ತು ಲಿಟ್ಲ್ ಆರ್ಮ್ ಎಂಬ ಎರಡು ಗುಡ್ಡಗಳ ನಡುವೆ ಕಡಲು ಕಮಾನಿನಂತೆ ಬಾಗಿದೆ. ಆ ಬಾಗಿಗೆ ಹೊಂದಿಕೊಂಡು ವಿಕ್ಟೋರಿಯಾ ಕಾಲದ ಹೋಟೆಲುಗಳ ಸಾಲು, ಅದರ ಮುಂದೆ ಒಂದಿಷ್ಟೂ ಏರಿಳಿತವಿಲ್ಲದ ಅಗಲವಾದ ಕಾಲುದಾರಿ. ದಂಡೆಯ ತುಂಬ ಉರುಟುಗಲ್ಲುಗಳಿರುವುದರಿಂದ ಮತ್ತು ನೀರು ಬೇಸಿಗೆಯಲ್ಲೂ ತಣ್ಣಗೇ ಇರುವುದರಿಂದ ಕಡಲಿಗಿಳಿಯುವವರು ಕಡಿಮೆ. ಹೆಚ್ಚಿನವರು ನೋಡುತ್ತಾ ಕೂರುವವರು. ಇಲ್ಲಿನ ಕಡಲದಂಡೆಗಳ ಹಳೆಯ ತಂಗುದಾಣಗಳನ್ನು ಕಟ್ಟಿರುವ ರೀತಿಯೇ ನೋಡುವಂಥದ್ದು: ಮೇಲೊಂದು ಸೂರು, ನಡುವೆ ಗಾಜಿನ ತಡೆ, ಅದರ ಎರಡೂ ಬದಿಗೆ ಬೆಂಚು. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಒಂದು ಬದಿ ಬೆಚ್ಚಗಿರುತ್ತದೆ. ಗಾಳಿ ತಿರುಗಿದೊಡನೆ ಕೂತಿದ್ದವರೆಲ್ಲ ಚಹಾದ ಫ್ಲಾಸ್ಕ್, ಪತ್ರಿಕೆಗಳ ಸಮೇತ ಎದ್ದು, ಯಾರೂ ಯಾರಿಗೂ ಹೇಳದೆ, ಆಚೆ ಬದಿಗೆ ಹೋಗಿ ಕೂರುತ್ತಾರೆ.

1877ರಲ್ಲಿ ತೆರೆದ ಇಲ್ಲಿನ ಪಿಯರ್, ಅಂದರೆ ಕಡಲೊಳಗೆ ಚಾಚಿದ ಕಟ್ಟೆ, ಸುಮಾರು 700 ಮೀಟರ್ ಉದ್ದವಿದ್ದು ವೇಲ್ಸಿನಲ್ಲೇ ಅತಿ ಉದ್ದದ್ದು. ಮಂಡಿನೋವಿನವರೂ ಗುಡ್ಡದ ಮೇಲಿಂದ ಕಡಲನ್ನು ನೋಡಬಹುದು. 207 ಮೀಟರ್ ಎತ್ತರದ ಗ್ರೇಟ್ ಆರ್ಮ್ ನೆತ್ತಿಗೆ 1903ರಿಂದ ಹಗ್ಗದೆಳೆತದ ಟ್ರಾಮ್ ಓಡುತ್ತಿದೆ, ಆದರೆ ಅರ್ಧದಾರಿಯಲ್ಲಿ ಇಳಿದು ಇನ್ನೊಂದು ಟ್ರಾಮ್ ಹತ್ತಬೇಕು. ಗುಡ್ಡದ ಮೇಲೆ ಮೇಯುವ ಆಡುಗಳು ಕಾಶ್ಮೀರದ ತಳಿಯವು ಎಂದರೆ ನಮ್ಮವರಿಗೆ ಅಚ್ಚರಿಯಾಗಬಹುದು. 2020ರ ಲಾಕ್‌ಡೌನಿನಲ್ಲಿ ಖಾಲಿ ಬೀದಿಗಿಳಿದು ಹಿತ್ತಿಲ ಗಿಡಗಳನ್ನು ಬೋಳಿಸಿದ್ದು ಇವೇ.

ಹಿರಿಯರಲ್ಲಿ ಬಹಳಷ್ಟು ಮಂದಿ ಬರುವುದು ಕೋಚ್ ಪ್ರವಾಸಗಳಲ್ಲಿ, ಅಂದರೆ ಪ್ರವಾಸಿ ಬಸ್ಸಿನಲ್ಲಿ ಗುಂಪಾಗಿ. ಮನೆಯ ಹತ್ತಿರದ ನಿಲ್ದಾಣದಲ್ಲಿ ಹತ್ತಿದರೆ ಹೋಟೆಲ್ ಬಾಗಿಲಲ್ಲೇ ಇಳಿಯುವುದು. ಸಾಮಾನು ಚಾಲಕನಿಂದ ಹೋಟೆಲಿನವರ ಕೈಗೆ, ಅಲ್ಲಿಂದ ಕೋಣೆಗೆ. ನಾಲ್ಕೂವರೆ ಗಂಟೆ ಓಡಿಸಿದ ಚಾಲಕ 45 ನಿಮಿಷ ವಿಶ್ರಮಿಸಬೇಕೆಂಬುದು ಕಾನೂನು, ಆದರೆ ಈ ಕೋಚ್‌ಗಳು ಅದಕ್ಕೂ ಬಹಳ ಮೊದಲೇ ನಿಲ್ಲುತ್ತವೆ. ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ತಿಂಡಿ ಮತ್ತು ರಾತ್ರಿಯೂಟ ದರದಲ್ಲೇ ಸೇರಿರುತ್ತವೆ, ರಾತ್ರಿಯೂಟದ ನಂತರ 1960ರ ದಶಕದ ಹಾಡುಗಳು, ಬಿಂಗೊ, ಒಂದಿಷ್ಟು ಕುಣಿತ. ಎಂಬತ್ತರ ಆಸುಪಾಸಿನ ದಂಪತಿಗಳು ಹಗಲೆಲ್ಲ ಊರುಗೋಲಿನಲ್ಲಿ ನಡೆದು ರಾತ್ರಿ ಅದನ್ನು ಕುರ್ಚಿಗೆ ಒರಗಿಸಿ ಕುಣಿಯಲು ಏಳುವುದನ್ನು ಕಂಡಾಗ, ಇವರನ್ನು ನೋಡಿಕೊಳ್ಳಲು ಮಕ್ಕಳು ಜೊತೆಗಿಲ್ಲವೆಂದು ಮರುಗಿದ್ದ ನಮ್ಮ ಅತ್ತೆಯವರೇ ತುಸು ಅಸೂಯೆಯಿಂದ ನಕ್ಕರು.

ನವೆಂಬರಿನಲ್ಲಿ ಇದಕ್ಕೆ ಇನ್ನೊಂದು ರೂಪವುಂಟು, ಹೆಸರು 'ಟರ್ಕಿ ಅಂಡ್ ಟಿನ್ಸೆಲ್', ಅಂದರೆ ಟರ್ಕಿ ಕೋಳಿಯ ಊಟ ಮತ್ತು ಮಿನುಗುವ ತೋರಣ. ಸೋಮವಾರ ಬಂದಿಳಿದರೆ ನಡುವಾರದಲ್ಲೊಂದು ದಿನ ಕ್ರಿಸ್ಮಸ್ ಊಟ, ಉಡುಗೊರೆ, ಹೊರಡುವ ಹಿಂದಿನ ರಾತ್ರಿ ಹೊಸ ವರ್ಷದ ಎಣಿಕೆ, ಶುಕ್ರವಾರ ಮನೆಗೆ. ಇದು ಹುಚ್ಚಾಟವೆಂದು ಮೊದಲು ನನಗನ್ನಿಸಿತ್ತು, ಆದರೆ ಇದರ ಹಿಂದೆ ಅಚ್ಚುಕಟ್ಟಾದ ವ್ಯಾಪಾರಬುದ್ಧಿಯಿದೆ. ಅಗ್ಗದ ವಿಮಾನ ಪ್ರವಾಸಗಳು ಜನರನ್ನು ಸ್ಪೇನಿಗೆ ಸೆಳೆದ ಮೇಲೆ ಬಡವಾದ ಇಲ್ಲಿನ ಹೋಟೆಲುಗಳಿಗೆ ಚಳಿಗಾಲದ ಖಾಲಿ ಕೋಣೆಗಳು ತುಂಬುತ್ತವೆ. ನಿಜವಾದ ಕ್ರಿಸ್ಮಸ್ ದಿನ ಒಂಟಿಯಾಗಿರುವವರಿಗೆ ಹಬ್ಬದೂಟಕ್ಕೊಂದು ಪಂಕ್ತಿ ಸಿಗುತ್ತದೆ.

ಒಂಟಿಯಾಗಿ ಹೊರಡುವವರಿಗೇ ಹೆಚ್ಚು ದರ ಹಾಕುವ ಪದ್ಧತಿ ಮಾತ್ರ ನನಗೆ ಸರಿಬೀಳದು. ಇಬ್ಬರು ತಂಗುವ ಕೋಣೆಯಲ್ಲಿ ಒಬ್ಬರೇ ಇದ್ದಾರೆಂದು 'ಸಿಂಗಲ್ ಸಪ್ಲಿಮೆಂಟ್' ವಸೂಲಿ ಮಾಡುತ್ತಾರೆ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರೇ ಹೆಚ್ಚಿರುವ ವಯಸ್ಸಿನಲ್ಲಿ ಇದು ದಂಡ ಕಟ್ಟಿಸಿಕೊಂಡಂತೆ. ಶೌಚಾಲಯಗಳದ್ದೂ ಇಂಥದೇ ಕಥೆ. ಅವನ್ನು ನಡೆಸಲೇಬೇಕೆಂಬ ಕಾನೂನಿನ ಕಟ್ಟುಪಾಡು ಸ್ಥಳೀಯ ಆಡಳಿತಗಳಿಗೆ ಇಲ್ಲದ್ದರಿಂದ ಖರ್ಚಿನ ನೆಪದಲ್ಲಿ ಎಷ್ಟೋ ಮುಚ್ಚಿಹೋಗಿವೆ. ಅಂಗವಿಕಲರಿಗೆ ಮತ್ತು ಶೌಚಕ್ಕೆ ತುರ್ತಾಗಿ ಹೋಗಬೇಕಾಗುವಂಥ ಕಾಯಿಲೆಯಿರುವವರಿಗೆ 'ರೇಡಾರ್ ಕೀ' ಎಂಬ ಒಂದೇ ಬೀಗದಕೈ ದೇಶದಾದ್ಯಂತ ಸಾವಿರಾರು ಶೌಚಾಲಯಗಳನ್ನು ತೆರೆಯುತ್ತದೆ ಎಂಬುದಷ್ಟೇ ಸಮಾಧಾನ.

ಇಂಗ್ಲೆಂಡಿನಲ್ಲಿ ಸರ್ಕಾರಿ ಪಿಂಚಣಿಯ ವಯಸ್ಸಿನವರಿಗೆ ವಾರದ ದಿನಗಳಲ್ಲಿ ಬೆಳಿಗ್ಗೆ 9.30ರ ನಂತರ ಸ್ಥಳೀಯ ಬಸ್ ಉಚಿತ. ವೇಲ್ಸಿನ ನಿವಾಸಿಗಳಿಗೆ 60ಕ್ಕೇ ಆ ಸವಲತ್ತು ಸಿಗುತ್ತದೆ. ಇಂಗ್ಲೆಂಡಿನ ಪಾಸ್ ವೇಲ್ಸಿನಲ್ಲಿ ನಡೆಯದು, ಮಕ್ಕಳ ಮನೆಗೆಂದು ಬಂದ ತಂದೆತಾಯಿಗಳಿಗಂತೂ ಎರಡೂ ಸಿಗವು. ಆದರೆ 60 ದಾಟಿದವರ ಸೀನಿಯರ್ ರೈಲ್‌ಕಾರ್ಡ್ ಕೊಳ್ಳಲು ಇಲ್ಲಿಯವರೇ ಆಗಿರಬೇಕಿಲ್ಲ; ವಯಸ್ಸಿಗೆ ಪಾಸ್‌ಪೋರ್ಟೇ ಪುರಾವೆ, ಹೆಚ್ಚಿನ ಟಿಕೆಟ್‌ಗಳಲ್ಲಿ ಮೂರನೇ ಒಂದು ಭಾಗ ರಿಯಾಯಿತಿ.

ಅಪ್ಪ ಅಮ್ಮನನ್ನು ಕರೆದೊಯ್ಯುವವರು ಹೋಟೆಲಿನಲ್ಲಿ ಲಿಫ್ಟ್ ಇದೆಯೇ ಎಂದಷ್ಟೇ ವಿಚಾರಿಸಿದರೆ ಸಾಲದು. ಈ ಹಳೆಯ ಕಟ್ಟಡಗಳಿಗೆ ಲಿಫ್ಟನ್ನು ಆಮೇಲೆ ತುರುಕಿರುವುದರಿಂದ ಕೆಲವೆಡೆ ಅದು ಎರಡು ಮಹಡಿಗಳ ನಡುವೆ ನಿಲ್ಲುತ್ತದೆ, ಅಲ್ಲಿಂದ ಐದಾರು ಮೆಟ್ಟಿಲು ಉಳಿದೇ ಇರುತ್ತದೆ. ಲಿಫ್ಟಿನಿಂದ ಕೋಣೆಯ ಬಾಗಿಲಿಗೆ ಎಷ್ಟು ಮೆಟ್ಟಿಲು, ಸ್ನಾನಕ್ಕೆ ತೊಟ್ಟಿಯ ಅಂಚು ದಾಟಬೇಕೆ ಎಂದು ಕಾಯ್ದಿರಿಸುವ ಮುನ್ನವೇ ಫೋನ್ ಮಾಡಿ ಕೇಳುವುದು ಒಳ್ಳೆಯದು. ಸಸ್ಯಾಹಾರದ ವಿಷಯವನ್ನೂ ಆಗಲೇ ಹೇಳಿಬಿಡಬೇಕು.