ಆಯಿ ನಿಲ್ಲಿಸುತ್ತಿದ್ದ ತೂಗಾಟ

ಇಷ್ಟಲಿಂಗ ಪೂಜೆಗೆ ಕೂತರೆ ನನ್ನ ಮೈ ತೂಗುತ್ತದೆ. ಚಿಕ್ಕಂದಿನಿಂದಲೂ ಹೀಗೇ. ಎಡ ಅಂಗೈಯಲ್ಲಿ ಲಿಂಗ, ಬಾಯಲ್ಲಿ ಮಂತ್ರ, ಸ್ವಲ್ಪ ಹೊತ್ತಿಗೆ ಸೊಂಟದಿಂದ ಮೇಲೆ ಹಿಂದಕ್ಕೂ ಮುಂದಕ್ಕೂ ಶುರು. ಬೈಲಹೊಂಗಲದ ಮನೆಯಲ್ಲಿ ಆಯಿ ಬೆನ್ನಿಗೆ ಕೈಯಿಟ್ಟು ನಿಲ್ಲಿಸುತ್ತಿದ್ದಳು. "ಯವ್ವಾ, ಲಿಂಗ ಕೈಯಾಗ ಐತಿ, ಸುಮ್ಕ ಕುಂದ್ರ."

ಆ ಕೈ ನೆನಪಾದದ್ದು ಮುಂಬಯಿಯಲ್ಲಿ, ಯಹೂದಿಗಳು ಪ್ರಾರ್ಥನೆಗೆ ಸೇರುವ ಒಂದು ಸಿನಗಾಗ್‌ನ ಗ್ಯಾಲರಿಯಲ್ಲಿ. ಮುಂಬಯಿಯಲ್ಲಿ ಕೆಲಸದಲ್ಲಿದ್ದಾಗ ನನಗೊಬ್ಬ ಬೆನೆ ಇಸ್ರೇಲ್ ಗೆಳತಿ ಸಿಕ್ಕಳು. ಕೊಂಕಣದ ಯಹೂದಿಗಳು, ಮನೆಮಾತು ಮರಾಠಿ. ಬೆಳಗಾವಿ ಕಡೆಯವಳಿಗೆ ಮರಾಠಿ ಏನು ಹೊಸದು, ಬೇಗ ಹೊಂದಿಕೊಂಡೆವು. ಹಿಂದೆ ಅವರ ಮಂದಿ ಗಾಣದ ಕೆಲಸ ಮಾಡುತ್ತಿದ್ದರು. ಶನಿವಾರ ಅವರಿಗೆ ದೇವರ ದಿನ, ಗಾಣ ಹೂಡುತ್ತಿರಲಿಲ್ಲವಾದ್ದರಿಂದ ಊರವರು 'ಶನಿವಾರ ತೇಲಿ' ಅನ್ನುತ್ತಿದ್ದರು. ತೇಲಿ ಅಂದರೆ ಗಾಣಿಗ.

ಅಂಥದ್ದೇ ಒಂದು ಶನಿವಾರ ಬೆಳಿಗ್ಗೆ ಅವಳ ಜೊತೆ ಹೋದೆ. ಹೆಂಗಸರು ಮೇಲೆ, ಗಂಡಸರು ಕೆಳಗೆ. ಅಮಿದಾ ಪ್ರಾರ್ಥನೆ ಬಂತು. ಮೂರು ಹೆಜ್ಜೆ ಹಿಂದೆ, ಮೂರು ಮುಂದೆ, ಪಾದ ಜೋಡಿಸಿ ಜೆರುಸಲೇಮಿನ ದಿಕ್ಕಿಗೆ ನಿಂತರು. ಹೆಚ್ಚಿನವರು ಅಲುಗಲಿಲ್ಲ. ಕಂಬದ ಪಕ್ಕದ ಒಬ್ಬ ಅಜ್ಜ ಮಾತ್ರ ತೂಗುತ್ತಿದ್ದರು. ಅವರ ಶಾಲಿನ ಮೂಲೆಯ ಕುಚ್ಚು ಮೊಣಕಾಲಿಗೆ ತಾಗಿ ಹಿಂದೆ ಸರಿಯುತ್ತಿತ್ತು, ಮತ್ತೆ ತಾಗುತ್ತಿತ್ತು. ಆಮೇಲೆ ಎಲ್ಲರೂ 'ಕಾದೋಶ್, ಕಾದೋಶ್, ಕಾದೋಶ್' ಅಂದರು. ಪವಿತ್ರ ಅಂತ ಅರ್ಥ. ಒಂದೊಂದು ಸಲಕ್ಕೂ ಹಿಮ್ಮಡಿ ಎತ್ತಿದರು. ಮೇಲಿಂದ ನೋಡಿದರೆ ತಲೆಗಳೆಲ್ಲ ಬೆರಳಷ್ಟು ಎದ್ದು ಇಳಿದಂತೆ ಕಾಣುತ್ತಿತ್ತು. ನನ್ನ ಕೈ ಕಟಕಟೆ ಹಿಡಿದಿತ್ತು. ನಾನೂ ತೂಗುತ್ತಿದ್ದೆ.

ಯುರೋಪಿನ ಯಹೂದಿಗಳ ಯಿಡ್ಡಿಷ್ ಭಾಷೆಯಲ್ಲಿ ಈ ತೂಗಾಟಕ್ಕೆ ಅಲುಗಾಡು ಅನ್ನೋ ಅರ್ಥದ ಮಾತೇ ಇದೆ, ಶಾಕ್ಲ್. ನನ್ನ ಎಲುಬುಗಳೆಲ್ಲ ದೇವರನ್ನು ಹೊಗಳಲಿ ಅಂತ ಬೈಬಲ್ಲಿನ 35ನೇ ಕೀರ್ತನೆಯಲ್ಲಿದೆ, ಅದಕ್ಕೇ ಅನ್ನುತ್ತಾರೆ ಕೆಲವರು. ಜೀವ ದೀಪದ ಕುಡಿಯ ಹಾಗೆ, ಅದಕ್ಕೆ ಅಲುಗುತ್ತದೆ ಅನ್ನುವವರೂ ಇದ್ದಾರೆ. ನನಗೆ ಜಾಸ್ತಿ ಹಿಡಿಸಿದ್ದು 12ನೇ ಶತಮಾನದ ಸ್ಪೇನ್‌ನ ಕವಿ ಯೆಹೂದಾ ಹಲೇವಿ ಕೊಟ್ಟ ಕಾರಣ. ಪುಸ್ತಕ ಕಡಿಮೆ, ಓದುವವರು ಜಾಸ್ತಿ. ಒಬ್ಬ ಬಗ್ಗಿ ಓದಿ ಹಿಂದೆ ಸರಿಯಬೇಕು, ಆಗ ಇನ್ನೊಬ್ಬ ಬಗ್ಗಬೇಕು. ಅದೇ ರೂಢಿಯಾಯಿತಂತೆ. ನಾವೂ ಶಾಲೆಯಲ್ಲಿ ಮೂವರಿಗೆ ಒಂದು ಕನ್ನಡ ಪುಸ್ತಕ ಇಟ್ಟುಕೊಂಡು ಹಾಗೇ ಓದಿದವರಲ್ವಾ!

ಎಲ್ಲರೂ ಒಪ್ಪುವುದಿಲ್ಲ. ಅರಸನ ಮುಂದೆ ನಿಂತ ಹಾಗೆ ಅಲುಗದೆ ನಿಲ್ಲಬೇಕು ಅಂದ ರಬ್ಬಿಗಳೂ, ಅಂದರೆ ಯಹೂದಿ ಗುರುಗಳೂ ಇದ್ದಾರೆ. ನನ್ನ ಆಯಿಯ ಪಕ್ಷ ಅದು. ಆದರೆ ಮೈ ತೂಗುವಾಗಲೇ ನನ್ನ ಮನಸ್ಸು ನಿಲ್ಲುತ್ತದೆ. ಬಿಗಿ ಹಿಡಿದು ಕೂತರೆ ಬೆನ್ನಿನದೇ ಧ್ಯಾನ.

ಊರಿಗೆ ಬಂದು ಆಯಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ. "ಆ ಮುದುಕಗ ಯಾರೂ ನಿಲ್ಲಸಲಿಲ್ಲೇನು?"

"ಇಲ್ಲ ಆಯಿ."

ಮರುದಿನ ಪೂಜೆಗೆ ಕೂತಾಗ ಹಿಂದೆಯೇ ಬಂದು ಕೂತಳು. ಮೈ ತೂಗತೊಡಗಿತು. ಬೆನ್ನಿಗೆ ಕೈ ಬರಲಿಲ್ಲ.

"ಲಿಂಗ ಬೀಳದಂಗ ನೋಡ್ಕೋ ಮತ್ತ," ಅಂದಳು.